ಮೂತ್ರಕೋಶದೊಳಗೆ ಜೀನ್‌ಗಳ ಜಾಡು

ಉರಿಮೂತ್ರವೆಂದು ವೈದ್ಯರ ಬಳಿ ಹೋದರೆ ಮೊದಲು ಮೂತ್ರದ ಮಾದರಿ ಲ್ಯಾಬಿಗೆ ಹೋಗುತ್ತದೆ. ಎರಡು ಮೂರು ದಿನ ಬಿಟ್ಟು ಕಲ್ಚರ್ ವರದಿ ಬರುತ್ತದೆ. ಯಾವ ಬ್ಯಾಕ್ಟೀರಿಯಾ, ಒಂದು ಮಿಲಿಲೀಟರಿಗೆ ಎಷ್ಟು, ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಚಿಕಿತ್ಸೆ ಬರೆದುಕೊಡಲು ಅಷ್ಟು ಸಾಕು. ಆದರೆ ಆ ವರದಿಯಲ್ಲಿರುವ ಬ್ಯಾಕ್ಟೀರಿಯಾ ಲ್ಯಾಬಿನ ತಟ್ಟೆಯಲ್ಲಿ, ಹೊಟ್ಟೆ ತುಂಬ ಆಹಾರ ತಿಂದು, ಯಾರ ಕಾಟವೂ ಇಲ್ಲದೆ ಬೆಳೆದದ್ದು. ಅದೇ ಜೀವಿ ಹಿಂದಿನ ದಿನ ರೋಗಿಯ ಮೂತ್ರಕೋಶದಲ್ಲಿದ್ದಾಗ ಏನು ತಿನ್ನುತ್ತಿತ್ತು, ಗೋಡೆಗೆ ಹೇಗೆ ಅಂಟಿಕೊಂಡಿತ್ತು, ಯಾವುದಕ್ಕೆ ಹೆದರಿತ್ತು ಎಂಬುದು ವರದಿಯಲ್ಲಿ ಇರುವುದಿಲ್ಲ. ಅದನ್ನು ಪತ್ತೆ ಮಾಡುವ ಪ್ರಯತ್ನ ಸುಮಾರು ಎರಡು ದಶಕಗಳಿಂದ ನಡೆದಿದೆ. ಸೋಂಕು ನಡೆಯುತ್ತಿರುವಾಗಲೇ ಬ್ಯಾಕ್ಟೀರಿಯಾದ ಯಾವ ಯಾವ ಜೀನ್‌ಗಳು ಕೆಲಸದಲ್ಲಿವೆ ಎಂದು ಅಳೆಯುವುದು ಅದರ ದಾರಿ.

ಮೂತ್ರನಾಳದ ಸೋಂಕು ಜಗತ್ತಿನ ಅತಿ ಸಾಮಾನ್ಯ ಬ್ಯಾಕ್ಟೀರಿಯಾ ಕಾಯಿಲೆಗಳಲ್ಲಿ ಒಂದು. 2019ರಲ್ಲಿ ಜಗತ್ತಿನಾದ್ಯಂತ 40 ಕೋಟಿಗೂ ಹೆಚ್ಚು ಪ್ರಕರಣಗಳಿದ್ದವೆಂದು ಜಾಗತಿಕ ರೋಗಭಾರದ ಅಧ್ಯಯನ ಅಂದಾಜಿಸಿದೆ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಒಮ್ಮೆ ಬಂದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ಮರುಕಳಿಸುತ್ತದೆ. ಬೇರೆ ತೊಡಕಿಲ್ಲದ ಸೋಂಕುಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನದಕ್ಕೆ ಕಾರಣ ಇ. ಕೋಲೈ. ಇದು ಕರುಳಿನ ನಿವಾಸಿ. ಮಲದ್ವಾರದ ಸುತ್ತಲಿಂದ ಮೂತ್ರದ್ವಾರಕ್ಕೆ, ಅಲ್ಲಿಂದ ಮೂತ್ರಕೋಶಕ್ಕೆ ಏರುತ್ತದೆ. ಕೆಲವೊಮ್ಮೆ ಇನ್ನೂ ಮೇಲೆ ಮೂತ್ರಪಿಂಡ ತಲುಪಿ ಚಳಿಜ್ವರ, ಬೆನ್ನುನೋವು ತರುತ್ತದೆ. ರಕ್ತಕ್ಕೂ ಇಳಿದರೆ ಪ್ರಾಣಕ್ಕೇ ಸಂಚಕಾರ.

ಜೀನ್ ಇದ್ದರೆ ಸಾಲದು

ಕರುಳಿನಲ್ಲಿ ಸುಮ್ಮನಿರುವ ಇ. ಕೋಲೈ ಮೂತ್ರಕೋಶದಲ್ಲಿ ಹೇಗೆ ಪುಂಡಾಟ ಮಾಡುತ್ತದೆ? ಮೊದಲಿಗೆ ಉತ್ತರ ಹುಡುಕಿದ್ದು ಡಿಎನ್‌ಎಯಲ್ಲಿ. ಮೂತ್ರಪಿಂಡದ ಸೋಂಕಿನಿಂದ ನರಳುತ್ತಿದ್ದ ರೋಗಿಯೊಬ್ಬರಿಂದ ಅಮೆರಿಕದ ಬಾಲ್ಟಿಮೋರಿನಲ್ಲಿ ಬೇರ್ಪಡಿಸಿದ ಸಿಎಫ್‌ಟಿ073 ಎಂಬ ತಳಿಯ ಪೂರ್ತಿ ಜೀನೋಮ್ 2002ರಲ್ಲಿ ಪ್ರಕಟವಾಯಿತು. ಅದರ ಉದ್ದ ಸುಮಾರು 52 ಲಕ್ಷ ಅಕ್ಷರ. ಲ್ಯಾಬುಗಳಲ್ಲಿ ಸಾಕಿ ಬೆಳೆಸಿದ ನಿರುಪದ್ರವಿ ಕೆ-12 ತಳಿಯದು ಸುಮಾರು 46 ಲಕ್ಷ. ಈ ಎರಡನ್ನೂ ರಕ್ತಭೇದಿ ತರುವ ಒ157 ತಳಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಮೂರೂ ತಳಿಗಳ ಪ್ರೋಟೀನ್‌ಗಳ ಒಟ್ಟು ಪಟ್ಟಿಯಲ್ಲಿ ಮೂರಕ್ಕೂ ಸಮಾನವಾದವು ಶೇ 39.2 ಮಾತ್ರ. ಒಂದೇ ಹೆಸರಿನ ಜೀವಿಯೊಳಗೆ ಇಷ್ಟು ವ್ಯತ್ಯಾಸವಿದೆ ಎಂಬುದು ಆಗ ದೊಡ್ಡ ಸುದ್ದಿಯಾಯಿತು.

ಹೆಚ್ಚುವರಿ ಜೀನ್‌ಗಳ ಪಟ್ಟಿ ಸಿಕ್ಕಿತಲ್ಲ, ಇನ್ನು ಯಾವ ತಳಿ ರೋಗ ತರುತ್ತದೆ ಎಂದು ಮೊದಲೇ ಹೇಳಬಹುದು ಎಂದು ಅನ್ನಿಸುವುದು ಸಹಜ. ಹಾಗಾಗಲಿಲ್ಲ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಕಾಟ್ ಹಲ್ಟ್‌ಗ್ರೆನ್ ತಂಡ 2017ರಲ್ಲಿ, ಸೋಂಕು ಪದೇ ಪದೇ ಮರಳುತ್ತಿದ್ದ ಹೆಂಗಸರಿಂದ ತೆಗೆದ ತಳಿಗಳನ್ನು ಇಲಿಗಳಲ್ಲಿ ಪರೀಕ್ಷಿಸಿತು. ‘ರೋಗಕಾರಕ’ ಎಂದು ಹೆಸರಾದ ಜೀನ್‌ಗಳು ಎಷ್ಟಿವೆ ಎಂಬುದರಿಂದ ಯಾವ ತಳಿ ಗೆಲ್ಲುತ್ತದೆಂದು ಊಹಿಸಲು ಆಗಲಿಲ್ಲ. ಎಲ್ಲ ತಳಿಗಳಲ್ಲೂ ಇರುವ ಸಾಮಾನ್ಯ ಜೀನ್‌ಗಳನ್ನು ಯಾವುದು ಎಷ್ಟು ಬಳಸುತ್ತದೆ ಎಂಬುದರಲ್ಲೇ ಸುಳಿವಿತ್ತು. ಅಡುಗೆಮನೆಯ ಡಬ್ಬಿಗಳನ್ನು ಎಣಿಸಿದ ಮಾತ್ರಕ್ಕೆ ಇವತ್ತು ಒಲೆಯ ಮೇಲೆ ಏನಿದೆ ಎಂದು ತಿಳಿಯುವುದಿಲ್ಲವಷ್ಟೆ.

ಒಲೆಯ ಮೇಲಿರುವುದನ್ನು ತಿಳಿಸುವುದು ಸಂದೇಶವಾಹಕ ಆರ್‌ಎನ್‌ಎ. ಜೀನ್ ಒಂದು ಚುರುಕಾದಾಗ ಅದರ ನಕಲು ಆರ್‌ಎನ್‌ಎ ರೂಪದಲ್ಲಿ ಹೊರಬರುತ್ತದೆ. ರೈಬೋಸೋಮ್‌ಗಳು ಅದನ್ನು ಓದಿ ಪ್ರೋಟೀನ್ ಕಟ್ಟುತ್ತವೆ. ಯಾವ ಜೀನಿನ ನಕಲುಗಳು ಎಷ್ಟಿವೆ ಎಂದು ಎಣಿಸಿದರೆ ಜೀವಕೋಶದ ಆ ಹೊತ್ತಿನ ಆದ್ಯತೆಗಳು ಗೊತ್ತಾಗುತ್ತವೆ. ಇದನ್ನೇ ಜೀನ್ ಅಭಿವ್ಯಕ್ತಿ ಎನ್ನುವುದು.

ನಿಮಿಷಗಳಲ್ಲಿ ಕರಗುವ ಸಾಕ್ಷಿ

ಕೇಳಲು ಸುಲಭ. ಆದರೆ ಇ. ಕೋಲೈನ ಬಹುಪಾಲು ಸಂದೇಶ ಆರ್‌ಎನ್‌ಎಗಳ ಅರ್ಧಾಯುಷ್ಯ 3ರಿಂದ 8 ನಿಮಿಷ. ಮೂತ್ರದ ಮಾದರಿಯನ್ನು ಮೇಜಿನ ಮೇಲಿಟ್ಟು ಚೀಟಿ ಅಂಟಿಸಿ ಲ್ಯಾಬಿಗೆ ಕಳಿಸುವಷ್ಟರಲ್ಲಿ ಹಳೆಯ ನಕಲುಗಳು ಪುಡಿಯಾಗಿ, ಬಾಟಲಿಯ ತಂಪಿಗೆ ಮತ್ತು ಗಾಳಿಗೆ ಹೊಂದಿಕೊಂಡ ಹೊಸ ನಕಲುಗಳು ಬಂದಿರುತ್ತವೆ. ಆಗ ಅಳೆದರೆ ಸಿಗುವುದು ಬಾಟಲಿಯ ಕಥೆ, ಮೂತ್ರಕೋಶದ್ದಲ್ಲ. ಆದ್ದರಿಂದ ಮೂತ್ರ ಹೊರಬಂದ ತಕ್ಷಣವೇ ಆರ್‌ಎನ್‌ಎಯನ್ನು ಇದ್ದ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸುವ ದ್ರಾವಣವನ್ನು ಸುರಿಯಬೇಕು. ಇಂಥ ಅಧ್ಯಯನಗಳ ಅರ್ಧ ಯಶಸ್ಸು ಕ್ಲಿನಿಕ್ಕಿನ ಬಾಗಿಲಲ್ಲಿ ದ್ರಾವಣ ಹಿಡಿದು ಕಾದು ನಿಂತವರದು ಎಂದರೆ ಅತಿಶಯವಾಗದು.

ಎರಡನೆಯ ತೊಡಕು ಗದ್ದಲ. ಬ್ಯಾಕ್ಟೀರಿಯಾದ ಒಟ್ಟು ಆರ್‌ಎನ್‌ಎಯಲ್ಲಿ ಶೇ 80ಕ್ಕೂ ಹೆಚ್ಚು ರೈಬೋಸೋಮಿನದೇ; ನಮಗೆ ಬೇಕಾದ ಸಂದೇಶ ಆರ್‌ಎನ್‌ಎ ಅದರ ನಡುವೆ ಚೂರುಪಾರು. ನಮ್ಮ ಜೀವಕೋಶಗಳ ಸಂದೇಶ ಆರ್‌ಎನ್‌ಎಗೆ ಉದ್ದನೆಯ ಬಾಲವಿರುತ್ತದೆ, ಬಾಲ ಹಿಡಿದು ಎಳೆದು ಬೇರ್ಪಡಿಸಬಹುದು. ಬ್ಯಾಕ್ಟೀರಿಯಾದ್ದಕ್ಕೆ ಆ ಬಾಲವಿಲ್ಲ. ಸಾಲದ್ದಕ್ಕೆ ಸೋಂಕಿನ ಮೂತ್ರದಲ್ಲಿ ಕೀವಿನ ಬಿಳಿ ರಕ್ತಕಣಗಳೂ ಉದುರಿದ ಗೋಡೆಯ ಕೋಶಗಳೂ ತುಂಬಿರುತ್ತವೆ, ಅವುಗಳ ಆರ್‌ಎನ್‌ಎ ಬೇರೆ ಸೇರಿಕೊಳ್ಳುತ್ತದೆ. ಇವನ್ನೆಲ್ಲ ತೆಗೆದುಹಾಕಿ ಉಳಿದದ್ದನ್ನು ಅಳೆಯಬೇಕು.

ಅಳತೆಯ ಸಾಧನವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. 2000ದ ದಶಕದಲ್ಲಿ ಮೈಕ್ರೋಅರೇ ಇತ್ತು: ಗಾಜಿನ ಫಲಕದ ಮೇಲೆ ಸಾವಿರಾರು ಜೀನ್‌ಗಳ ತುಣುಕುಗಳನ್ನು ಚುಕ್ಕೆಗಳಾಗಿ ಕೂರಿಸಿ, ಯಾವ ಚುಕ್ಕೆಗೆ ಎಷ್ಟು ನಕಲು ಅಂಟಿಕೊಂಡಿತು ಎಂದು ಹೊಳಪಿನಿಂದ ಅಳೆಯುವ ವಿಧಾನ. ಫಲಕದಲ್ಲಿ ಇಲ್ಲದ ಜೀನ್ ಇದಕ್ಕೆ ಕಾಣುವುದೇ ಇಲ್ಲ. ಆಮೇಲೆ ಬಂದ ಆರ್‌ಎನ್‌ಎ ಸೀಕ್ವೆನ್ಸಿಂಗ್ ಸಿಕ್ಕಿದ ನಕಲುಗಳನ್ನೆಲ್ಲ ನೇರವಾಗಿ ಓದುತ್ತದೆ. ಒಬ್ಬೊಬ್ಬ ರೋಗಿಯಲ್ಲೂ ಒಂದೊಂದು ತಳಿ ಇರುವಾಗ ಇದು ದೊಡ್ಡ ಅನುಕೂಲ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಹೆಚ್ಚು ಎಂದರೆ ಯಾವುದಕ್ಕಿಂತ ಹೆಚ್ಚು? ಸಮೃದ್ಧ ಪೋಷಕ ಸಾರಿನಲ್ಲಿ ಬೆಳೆದ ಬ್ಯಾಕ್ಟೀರಿಯಾಕ್ಕೆ ಹೋಲಿಸಿದರೆ ಒಂದು ಉತ್ತರ, ಫ್ಲಾಸ್ಕಿನಲ್ಲಿಟ್ಟ ಆರೋಗ್ಯವಂತರ ಮೂತ್ರದಲ್ಲಿ ಬೆಳೆದದ್ದಕ್ಕೆ ಹೋಲಿಸಿದರೆ ಇನ್ನೊಂದು. ಮೂತ್ರವೆಂಬ ದ್ರವದಿಂದಾದ ಬದಲಾವಣೆ ಯಾವುದು, ಜೀವಂತ ದೇಹದಿಂದಾದದ್ದು ಯಾವುದು ಎಂದು ಬಿಡಿಸಿ ಹೇಳಲು ಎರಡೂ ಹೋಲಿಕೆ ಬೇಕು.

ಬಾಲ್ಟಿಮೋರಿನ ಇಲಿಗಳು

ಮೊದಲ ದೊಡ್ಡ ಪ್ರಯತ್ನ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಮೋಬ್ಲಿಯವರ ತಂಡದ್ದು, 2004ರಲ್ಲಿ ಪ್ರಕಟವಾಯಿತು. ಇಲಿಗಳ ಮೂತ್ರಕೋಶಕ್ಕೆ ಸಣ್ಣ ಕೊಳವೆಯ ಮೂಲಕ ಸಿಎಫ್‌ಟಿ073 ತಳಿಯನ್ನು ಸೇರಿಸಿ, ಹತ್ತು ದಿನಗಳ ಕಾಲ ಅವುಗಳ ಮೂತ್ರವನ್ನು ಕೂಡಿಹಾಕಿದರು. ಇಲಿಯೊಂದು ಕೊಡುವ ಮೂತ್ರ ಎಷ್ಟೆಂದು ಊಹಿಸಿದರೆ ಈ ಕೆಲಸದ ತಾಳ್ಮೆ ಅರ್ಥವಾಗುತ್ತದೆ. ಆ ಮೂತ್ರದಿಂದ ತೆಗೆದ ಬ್ಯಾಕ್ಟೀರಿಯಾ ಆರ್‌ಎನ್‌ಎಯನ್ನು ಮೈಕ್ರೋಅರೇ ಮೇಲೆ ಹರಿಸಿದಾಗ ಸ್ಪಷ್ಟ ಚಿತ್ರವೊಂದು ಮೂಡಿತು.

ಕಬ್ಬಿಣ ಹೀರುವ ಜೀನ್‌ಗಳು ಭರದಿಂದ ದುಡಿಯುತ್ತಿದ್ದವು, ಅಂದರೆ ಮೂತ್ರನಾಳದಲ್ಲಿ ಕಬ್ಬಿಣದ ಬರ. ಪ್ರೋಟೀನ್ ಕಟ್ಟುವ ಯಂತ್ರಾಂಗದ ಜೀನ್‌ಗಳೂ ಏರಿದ್ದವು. ಪೋಷಕಾಂಶ ಕಡಿಮೆ ಎನ್ನುವ ಮೂತ್ರದಲ್ಲೂ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತಿತ್ತು. ಈಜಲು ಬೇಕಾದ ಜೀನ್‌ಗಳು ಇಳಿದಿದ್ದವು. ಎಲ್ಲಕ್ಕಿಂತ ಎತ್ತರಕ್ಕೆ ಏರಿದ್ದು ಟೈಪ್ 1 ಫಿಂಬ್ರಿಯಾ ಎಂಬ ಅಂಟುರೋಮಗಳ ಜೀನ್‌ಗಳು. ಮೂತ್ರಕೋಶದ ಗೋಡೆ ಹಿಡಿದುಕೊಳ್ಳಲು ಇವು ಬೇಕೆಂದು ಮೊದಲೇ ಗೊತ್ತಿತ್ತು. ಹಾಗಾಗಿ ಎಲ್ಲವೂ ಸರಿಹೊಂದಿತು, ಇಲಿಯ ಮಟ್ಟಿಗೆ.

ಮನುಷ್ಯರಲ್ಲಿ ನೋಡಿದಾಗ

ಮನುಷ್ಯರಲ್ಲಿ ನಡೆದ ಆರಂಭಿಕ ಅಧ್ಯಯನವೊಂದು ಸ್ವಲ್ಪ ವಿಚಿತ್ರವಾದದ್ದು. ಸ್ವೀಡನ್ನಿನ ಒಬ್ಬ ಹುಡುಗಿಯ ಮೂತ್ರಕೋಶದಲ್ಲಿ ಇ. ಕೋಲೈ 83972 ಎಂಬ ತಳಿ ಮೂರು ವರ್ಷ ಯಾವ ತೊಂದರೆಯನ್ನೂ ಕೊಡದೆ ನೆಲೆಸಿತ್ತು. ಈ ಸಾಧು ತಳಿ ಮೂತ್ರಕೋಶದಲ್ಲಿ ಜಾಗ ಹಿಡಿದುಕೊಂಡರೆ ಪುಂಡ ತಳಿಗಳಿಗೆ ಎಡೆ ಸಿಗದು ಎಂಬ ವಿಚಾರದಿಂದ, ಸೋಂಕು ಪದೇ ಪದೇ ಮರಳುವ ರೋಗಿಗಳ ಮೂತ್ರಕೋಶಕ್ಕೆ ಅದನ್ನು ಬೇಕೆಂದೇ ಬಿಡುವ ಚಿಕಿತ್ಸೆಯೂ ನಡೆದಿದೆ. ಡೆನ್ಮಾರ್ಕಿನ ವಿಕ್ಟೋರಿಯಾ ರೂಸ್ ಮತ್ತು ಪೆರ್ ಕ್ಲೆಮ್ ಹೀಗೆ ತಳಿ ಪಡೆದ ಮೂವರ ಮೂತ್ರದಿಂದ ಬ್ಯಾಕ್ಟೀರಿಯಾ ತೆಗೆದು ಅದರ ಜೀನ್ ಅಭಿವ್ಯಕ್ತಿಯನ್ನು 2006ರಲ್ಲಿ ಪ್ರಕಟಿಸಿದರು. ಅಲ್ಲೂ ಕಬ್ಬಿಣ ಹುಡುಕುವ ಜೀನ್‌ಗಳು ಮುಂದಿದ್ದವು. ಆದರೆ ಈ ತಳಿಗೆ ಕೆಲಸಕ್ಕೆ ಬರುವ ಫಿಂಬ್ರಿಯಾ ಕಟ್ಟುವ ಶಕ್ತಿಯೇ ಇಲ್ಲ, ಅಂಟಿಕೊಳ್ಳದೆಯೇ ಅದು ಬಾಳುತ್ತಿತ್ತು. ಮೂತ್ರ ಹರಿದುಹೋಗುವ ವೇಗಕ್ಕಿಂತ ಬೇಗ ಬೆಳೆದರೆ ತೇಲುತ್ತಲೇ ಉಳಿಯಬಹುದು.

ಅಷ್ಟರಲ್ಲಿ ಮೋಬ್ಲಿ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. 2010ರಲ್ಲಿ ಅವರ ತಂಡ ಎಂಟು ಹೆಂಗಸರ ಮೂತ್ರದಲ್ಲಿದ್ದ ಇ. ಕೋಲೈನ ಜೀನ್ ಚಿತ್ರವನ್ನು ಹೊರತಂದಿತು. ಮೂತ್ರ ಹೊರಬಂದ ಕೂಡಲೇ ಆರ್‌ಎನ್‌ಎಯನ್ನು ಹಿಡಿದು ನಿಲ್ಲಿಸಿದ್ದರು, ಲ್ಯಾಬಿನಲ್ಲಿ ಬೆಳೆಸಿರಲಿಲ್ಲ. ಕಬ್ಬಿಣದ ಕಥೆ ಇಲಿಯಲ್ಲಿ ಕಂಡಂತೆಯೇ ಇತ್ತು. ಫಿಂಬ್ರಿಯಾದ ಕಥೆ ಮಾತ್ರ ತಿರುಗುಮುರುಗು: ಇಲಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಟೈಪ್ 1 ಫಿಂಬ್ರಿಯಾದ ಜೀನ್‌ಗಳು ಈ ಹೆಂಗಸರ ಮಾದರಿಗಳಲ್ಲಿ ಬಹುಮಟ್ಟಿಗೆ ಮೌನವಾಗಿದ್ದವು.

ಕಾಣೆಯಾದ ಅಂಟುರೋಮ

ಇದು ಸಣ್ಣ ವಿಷಯವಲ್ಲ. ಅಂಟುರೋಮದ ತುದಿಯಲ್ಲಿರುವ ಫಿಮ್‌ಹೆಚ್ ಎಂಬ ಪ್ರೋಟೀನ್ ಮೂತ್ರಕೋಶದ ಗೋಡೆಯ ಯೂರೋಪ್ಲಾಕಿನ್ ಎಂಬ ಪ್ರೋಟೀನ್‌ಗಳ ಮೇಲಿರುವ ಮ್ಯಾನೋಸ್ ಸಕ್ಕರೆಯನ್ನು ಹಿಡಿಯುತ್ತದೆ. ಅದನ್ನು ತಡೆಯುವ ಲಸಿಕೆ, ಔಷಧ ಎಲ್ಲದರ ಯೋಜನೆ ಈ ಹಿಡಿತದ ಸುತ್ತ ಹೆಣೆದದ್ದು. ಮನುಷ್ಯರಲ್ಲಿ ಅದು ಕೆಲಸವನ್ನೇ ಮಾಡುತ್ತಿಲ್ಲ ಎಂದಾದರೆ?

ಒಗಟು ಬಿಡಿಸಲು ಈ ಜೀನ್‌ಗಳ ಸ್ವಿಚ್ಚನ್ನು ನೋಡಬೇಕು. ಫಿಂಬ್ರಿಯಾ ಜೀನ್‌ಗಳ ಎದುರಿಗೆ 314 ಅಕ್ಷರಗಳ ಡಿಎನ್‌ಎ ತುಣುಕೊಂದಿದೆ. ಅದು ಹಿಂದುಮುಂದಾಗಿ ತಿರುಗಬಲ್ಲದು. ಒಂದು ದಿಕ್ಕಿನಲ್ಲಿದ್ದಾಗ ಜೀನ್‌ಗಳು ಆನ್, ತಿರುಗಿ ಕೂತರೆ ಆಫ್. ತಿರುಗಿಸುವವು ಫಿಮ್‌ಬಿ, ಫಿಮ್‌ಇ ಎಂಬ ಎರಡು ಕಿಣ್ವಗಳು. ಮೊದಲನೆಯದು ಎರಡೂ ದಿಕ್ಕಿಗೆ ತಿರುಗಿಸುತ್ತದೆ, ಎರಡನೆಯದು ಹೆಚ್ಚಾಗಿ ಆಫ್ ಕಡೆಗೇ. ಹೀಗಾಗಿ ಒಂದೇ ತಾಯಿಯ ಸಂತಾನದಲ್ಲೂ ಕೆಲವು ಕೋಶಗಳು ರೋಮ ಹೊತ್ತಿರುತ್ತವೆ, ಕೆಲವು ಬೋಳಾಗಿರುತ್ತವೆ. 2002ರಲ್ಲಿ ಮೋಬ್ಲಿ ತಂಡ ಈ ಸ್ವಿಚ್ಚನ್ನು ಆಫ್ ಸ್ಥಿತಿಯಲ್ಲೇ ಬೀಗ ಹಾಕಿ ಇಲಿಗಳಿಗೆ ಬಿಟ್ಟಾಗ, ಸೋಂಕಿನ ಮೊದಲ ದಿನದಲ್ಲೇ ಆ ತಳಿ ಹಿಂದೆ ಬಿದ್ದಿತ್ತು. ಫಿಂಬ್ರಿಯಾ ಬೇಕೇ ಬೇಕು ಎಂಬುದಕ್ಕೆ ಸಾಕ್ಷಿ ಗಟ್ಟಿಯಾಗಿತ್ತು.

ಹಾಗಾದರೆ ಹೆಂಗಸರ ಮೂತ್ರದಲ್ಲಿ ಅದೇಕೆ ಕಾಣಲಿಲ್ಲ? 2015ರಲ್ಲಿ ಹಲ್ಟ್‌ಗ್ರೆನ್ ತಂಡ ಕೊಟ್ಟ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಮನುಷ್ಯರ ಮೂತ್ರದಲ್ಲಿ ಬೆಳೆಸಿದಾಗ ಬ್ಯಾಕ್ಟೀರಿಯಾ ಗುಂಪಿನ ಬಹುಪಾಲು ಕೋಶಗಳು ಆಫ್ ಕಡೆಗೆ ವಾಲುತ್ತವೆ. ಫಿಮ್‌ಹೆಚ್‌ನ ಹಿಡಿತವನ್ನೂ ಮೂತ್ರ ಸಡಿಲಿಸುತ್ತದೆ. ಆದರೆ ಮೂತ್ರಕೋಶದ ಜೀವಕೋಶಗಳು ಎದುರಾದಾಗ ಆನ್ ಇರುವ ಕೆಲವೇ ಕೋಶಗಳು ಹೋಗಿ ಅಂಟಿಕೊಳ್ಳುತ್ತವೆ. ಗೋಡೆ ಹಿಡಿದ ಬ್ಯಾಕ್ಟೀರಿಯಾ ಗೋಡೆಯ ಮೇಲೇ ಉಳಿಯುತ್ತದೆ. ಮೂತ್ರದೊಂದಿಗೆ ಹೊರಬಂದು ಬಾಟಲಿ ಸೇರುವುದು ಹಿಡಿತವಿಲ್ಲದ್ದು. ಅಳೆದ ಮಂದಿಯೆಲ್ಲ ಅಳೆದದ್ದು ಗೋಡೆ ಬಿಟ್ಟು ಹೊರಟವುಗಳನ್ನು.

ಮೂತ್ರದ ಮಾದರಿಯಿಂದ ಬಂದ ಯಾವ ಫಲಿತಾಂಶ ಓದುವಾಗಲೂ ಈ ಎಚ್ಚರ ಬೇಕು. ಅದು ಕೋಟ್ಯಂತರ ಕೋಶಗಳ ಸರಾಸರಿ. ಅದೂ ಸುಲಭವಾಗಿ ಕೈಗೆ ಸಿಕ್ಕ ಕೋಶಗಳದು.

ಕಬ್ಬಿಣಕ್ಕೆ ಹಸಿವು, ತಾಮ್ರಕ್ಕೆ ಭಯ

ಇಲಿ, ಮನುಷ್ಯ, ಪುಂಡ ತಳಿ, ಸಾಧು ತಳಿ, ಯಾವುದನ್ನು ನೋಡಿದರೂ ಮತ್ತೆ ಮತ್ತೆ ಕಾಣುವುದು ಕಬ್ಬಿಣ. ಉಸಿರಾಟದಿಂದ ಹಿಡಿದು ಡಿಎನ್‌ಎ ಕಟ್ಟುವವರೆಗೆ ಬ್ಯಾಕ್ಟೀರಿಯಾದ ಅನೇಕ ಕಿಣ್ವಗಳಿಗೆ ಕಬ್ಬಿಣ ಬೇಕು. ನಮ್ಮ ದೇಹ ಅದನ್ನು ಬಿಡಿಯಾಗಿ ಎಲ್ಲೂ ಬಿಡುವುದಿಲ್ಲ. ಆದ್ದರಿಂದ ಬ್ಯಾಕ್ಟೀರಿಯಾ ಸಿಡೆರೋಫೋರ್ ಎಂಬ ಸಣ್ಣ ಅಣುಗಳನ್ನು ಹೊರಬಿಡುತ್ತದೆ. ಅವು ಕಬ್ಬಿಣವನ್ನು ಕಚ್ಚಿಕೊಂಡ ಮೇಲೆ ಹೊರಪೊರೆಯ ಗ್ರಾಹಕಗಳ ಮೂಲಕ ಒಳಗೆಳೆದುಕೊಳ್ಳುತ್ತದೆ. ಎಂಟೆರೋಬ್ಯಾಕ್ಟಿನ್ ಇವುಗಳಲ್ಲಿ ಹೆಸರಾದದ್ದು. ದೇಹವೂ ಸುಮ್ಮನಿರುವುದಿಲ್ಲ: ಲಿಪೋಕ್ಯಾಲಿನ್-2 ಎಂಬ ಪ್ರೋಟೀನ್ ಎಂಟೆರೋಬ್ಯಾಕ್ಟಿನ್ನನ್ನೇ ಹಿಡಿದಿಡುತ್ತದೆ. ಅದಕ್ಕೆ ಪ್ರತಿಯಾಗಿ ಬ್ಯಾಕ್ಟೀರಿಯಾ ಆ ಅಣುವಿಗೆ ಸಕ್ಕರೆ ಅಂಟಿಸಿ ಸಾಲ್ಮೋಕೆಲಿನ್ ಮಾಡಿಕೊಳ್ಳುತ್ತದೆ, ಅದು ಲಿಪೋಕ್ಯಾಲಿನ್ ಹಿಡಿತಕ್ಕೆ ಸಿಗುವುದಿಲ್ಲ. ಇದಲ್ಲದೆ ಏರೋಬ್ಯಾಕ್ಟಿನ್, ಯೆರ್ಸಿನಿಯಾಬ್ಯಾಕ್ಟಿನ್ ಎಂಬ ಬೇರೆ ಸಿಡೆರೋಫೋರ್‌ಗಳಿವೆ. ರಕ್ತದ ಹೀಮ್‌ನಿಂದ ಕಬ್ಬಿಣ ಕೀಳುವ ಗ್ರಾಹಕಗಳೂ ಇವೆ. ಒಂದೇ ಕೆಲಸಕ್ಕೆ ಇಷ್ಟೊಂದು ಉಪಾಯಗಳನ್ನು ಒಂದು ಜೀವಿ ಹೊತ್ತು ತಿರುಗುತ್ತದೆಂದರೆ ಆ ಕೊರತೆ ಎಷ್ಟು ತೀವ್ರ ಎಂದು ತಿಳಿಯಬೇಕು.

ತಾಮ್ರದ ಕಥೆ ತದ್ವಿರುದ್ಧ. 2014ರಲ್ಲಿ ಸರ್ಗುರುನಾಥನ್ ಸುಭಾಷ್‌ಚಂದ್ರಬೋಸ್, ಮೋಬ್ಲಿ ಮತ್ತು ಸಂಗಡಿಗರು ಐದು ರೋಗಿಗಳ ಮೂತ್ರದಲ್ಲಿದ್ದ ಇ. ಕೋಲೈಗೆ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿದರು. ಅವೇ ತಳಿಗಳನ್ನು ಫ್ಲಾಸ್ಕಿನಲ್ಲಿ ಆರೋಗ್ಯವಂತರ ಮೂತ್ರದಲ್ಲೂ ಪೋಷಕ ಸಾರಿನಲ್ಲೂ ಬೆಳೆಸಿ ಹೋಲಿಸಿದರು. ನಾನು ಮೇಲೆ ಹೇಳಿದ ಎರಡು ಹೋಲಿಕೆ ಇಲ್ಲಿತ್ತು. ತಾಮ್ರ ಮತ್ತು ನಿಕಲ್ಲನ್ನು ಕೋಶದಿಂದ ಹೊರದೂಡುವ ಪಂಪುಗಳ ಜೀನ್‌ಗಳು ರೋಗಿಗಳಲ್ಲಿ ಎದ್ದು ಕಂಡವು. ಫ್ಲಾಸ್ಕಿನ ಮೂತ್ರದಲ್ಲಿ ಹಾಗಿರಲಿಲ್ಲ. ಅಂದರೆ ಈ ಒತ್ತಡ ಬಂದದ್ದು ದೇಹದಿಂದ. ಸೋಂಕಾದಾಗ ದೇಹ ಮೂತ್ರಕ್ಕೆ ತಾಮ್ರವನ್ನು ಹರಿಸುತ್ತದೆ, ಅದು ಬ್ಯಾಕ್ಟೀರಿಯಾಕ್ಕೆ ವಿಷ ಎಂಬುದು ಮುಂದಿನ ಕೆಲಸದಿಂದ ಖಚಿತವಾಯಿತು. ಬ್ಯಾಕ್ಟೀರಿಯಾದ ಜೀನ್ ಪಟ್ಟಿ ಓದುತ್ತಾ ನಮ್ಮದೇ ದೇಹದ ಒಂದು ರಕ್ಷಣೋಪಾಯ ಬಯಲಾದದ್ದು ಈ ಕ್ಷೇತ್ರದ ಸೊಗಸಾದ ಫಲಿತಾಂಶಗಳಲ್ಲಿ ಒಂದು.

ಇಪ್ಪತ್ತೆರಡು ನಿಮಿಷಕ್ಕೊಂದು ಪೀಳಿಗೆ

ಮೂತ್ರದಲ್ಲಿ ತಿನ್ನಲು ಏನಿದೆ? ಆರೋಗ್ಯವಂತರ ಮೂತ್ರದಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಸಿಗುವುದು ಯೂರಿಯಾ, ಒಂದಿಷ್ಟು ಅಮೈನೋ ಆಮ್ಲ, ಸಣ್ಣ ಪೆಪ್ಟೈಡುಗಳು. ಕ್ರಿಸ್ಟಫರ್ ಆಲ್ಟೆರಿ ಮತ್ತು ಸಂಗಡಿಗರು 2009ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ: ಗ್ಲೂಕೋಸ್ ಒಡೆಯುವ ದಾರಿ ಕೆಟ್ಟರೂ ಬ್ಯಾಕ್ಟೀರಿಯಾಕ್ಕೆ ಹೆಚ್ಚಿನ ನಷ್ಟವಿಲ್ಲ, ಪೆಪ್ಟೈಡು ಒಳಗೆಳೆಯುವ ಬಾಗಿಲು ಅಥವಾ ಅಮೈನೋ ಆಮ್ಲದಿಂದ ಸಕ್ಕರೆ ಕಟ್ಟಿಕೊಳ್ಳುವ ದಾರಿ ಕೆಟ್ಟರೆ ಸೋಂಕು ಸೋಲುತ್ತದೆ.

ಇಂಥ ಬಡ ಊಟದ ಮೇಲೆ ಅದು ಬೆಳೆಯುವ ವೇಗ ಬೆರಗು ಹುಟ್ಟಿಸುತ್ತದೆ. ವೇಗ ಅಳೆಯಲು ಒಂದು ಜಾಣ ಉಪಾಯವಿದೆ. ಇ. ಕೋಲೈನ ವೃತ್ತಾಕಾರದ ಡಿಎನ್‌ಎ ಒಂದು ಬಿಂದುವಿನಿಂದ ನಕಲಾಗಲು ಶುರುವಾಗಿ ಎದುರು ಬಿಂದುವಿನಲ್ಲಿ ಮುಗಿಯುತ್ತದೆ. ಬೇಗ ಬೆಳೆಯುವ ಕೋಶ ಮೊದಲ ಸುತ್ತು ಮುಗಿಯುವ ಮೊದಲೇ ಮುಂದಿನ ಸುತ್ತು ಆರಂಭಿಸಿಬಿಡುತ್ತದೆ. ಹಾಗಾಗಿ ಆರಂಭದ ಬಿಂದುವಿನ ಪ್ರತಿಗಳು ಕೊನೆಯ ಬಿಂದುವಿಗಿಂತ ಹೆಚ್ಚಿರುತ್ತವೆ. ಈ ಎರಡರ ಅನುಪಾತ ನೋಡಿದರೆ, ಕೋಶವನ್ನು ಲ್ಯಾಬಿನಲ್ಲಿ ಬೆಳೆಸದೆಯೇ ವೇಗ ತಿಳಿಯುತ್ತದೆ. ಮಿಚಿಗನ್ ತಂಡ 2018ರಲ್ಲಿ ರೋಗಿಗಳ ಮೂತ್ರದಲ್ಲೇ ಹೀಗೆ ಲೆಕ್ಕ ಹಾಕಿದಾಗ ಇಮ್ಮಡಿಯಾಗುವ ಅವಧಿ ಸುಮಾರು 22 ನಿಮಿಷವೆಂದು ಕಂಡಿತು. ಸಮೃದ್ಧ ಪೋಷಕ ಸಾರಿನಲ್ಲಿ ಬೆಳೆಯುವ ವೇಗಕ್ಕೆ ಇದು ಹತ್ತಿರ.

ಮರುವರ್ಷ ಅನ್ನಾ ಸಿಂಟ್ಸೋವಾ ಮೊದಲಾದವರು 14 ಹೆಂಗಸರಿಂದ ತೆಗೆದ ಇ. ಕೋಲೈನ ಜೀನ್ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರು. ತಳಿಗಳು ವಂಶದಲ್ಲಿ ದೂರ ದೂರದವು, ಆದರೂ ರೋಗಿಯ ಒಳಗೆ ಅವುಗಳ ಸಾಮಾನ್ಯ ಜೀನ್‌ಗಳ ವರ್ತನೆ ಹೆಚ್ಚುಕಡಿಮೆ ಒಂದೇ. ರೈಬೋಸೋಮ್ ಕಟ್ಟುವ, ಪ್ರೋಟೀನ್ ತಯಾರಿಸುವ ಜೀನ್‌ಗಳು ಏರಿದ್ದವು. ಸಕ್ಕರೆ ಬಳಕೆಯಂಥ ಇತರ ಅನೇಕ ಕೆಲಸಗಳಿಗೆ ಹೋಗುವ ಸಂಪನ್ಮೂಲ ಕಡಿತವಾಗಿತ್ತು. ಫ್ಲಾಸ್ಕಿನಲ್ಲಿಟ್ಟ ಮೂತ್ರದಲ್ಲಿ ಈ ಮಾದರಿ ಕಾಣಲಿಲ್ಲ. ಇಲಿಯಲ್ಲಿ ಕಂಡಿತು. 2010ರಲ್ಲಿ ಫಿಂಬ್ರಿಯಾದಿಂದಾಗಿ ಅನುಮಾನಕ್ಕೆ ಒಳಗಾಗಿದ್ದ ಇಲಿ ಮಾದರಿಗೆ ಹೀಗೆ ಮರ್ಯಾದೆ ಮರಳಿತು. ಮೂತ್ರವನ್ನು ತಂದು ಫ್ಲಾಸ್ಕಿಗೆ ಸುರಿದರೆ ಮೂತ್ರಕೋಶವಾಗುತ್ತದೆ ಎಂಬ ನಂಬಿಕೆಗೆ ಪೆಟ್ಟು ಬಿತ್ತು. ಮೂತ್ರಕೋಶ ಆಗಾಗ ಖಾಲಿಯಾಗಿ ಹೊಸ ಮೂತ್ರ ತುಂಬಿಕೊಳ್ಳುತ್ತದೆ, ಆಹಾರ ನಿಲ್ಲುವುದಿಲ್ಲ. ಮುಚ್ಚಿದ ಫ್ಲಾಸ್ಕಿನಲ್ಲಿ ಅದು ಬೇಗ ಮುಗಿಯುತ್ತದೆ.

ಮೇಲಕ್ಕೆ ಈಜುವ ಗಳಿಗೆ

ಆರ್‌ಎನ್‌ಎ ಎಣಿಕೆ ಒಂದು ಗಳಿಗೆಯ ಚಿತ್ರ. ಒಂದೇ ಜೀನನ್ನು ಗಂಟೆಗಟ್ಟಲೆ ಹಿಂಬಾಲಿಸಲು ಬೇರೆ ಉಪಾಯ ಬೇಕು. 2007ರಲ್ಲಿ ಮೋಬ್ಲಿ ತಂಡ, ಈಜುಬಾಲ ಕಟ್ಟುವ ಜೀನಿನ ಸ್ವಿಚ್ಚಿಗೆ ಬೆಳಕು ಸೂಸುವ ಲೂಸಿಫೆರೇಸ್ ಜೀನ್‌ಗಳನ್ನು ಜೋಡಿಸಿತು. ಬಾಲ ಕಟ್ಟುವ ಆಜ್ಞೆ ಹೊರಟಾಗಲೆಲ್ಲ ಬ್ಯಾಕ್ಟೀರಿಯಾ ಹೊಳೆಯುತ್ತದೆ. ಸೂಕ್ಷ್ಮ ಕ್ಯಾಮೆರಾ ಜೀವಂತ ಇಲಿಯ ಮೈಯಾಚೆಯಿಂದಲೇ ಅದನ್ನು ಹಿಡಿಯುತ್ತದೆ. ಸೋಂಕಾದ 4ರಿಂದ 6 ಗಂಟೆಯ ಹೊತ್ತಿಗೆ ಬೆಳಕು ಏರಿತು, ಸರಿಯಾಗಿ ಆಗಲೇ ಬ್ಯಾಕ್ಟೀರಿಯಾ ಮೂತ್ರಕೋಶದಿಂದ ಮೂತ್ರಪಿಂಡದ ಕಡೆಗೆ ಹತ್ತುತ್ತಿತ್ತು. ಆಮೇಲೆ ಬೆಳಕು ಇಳಿಯಿತು. 2004ರ ಅಧ್ಯಯನದಲ್ಲಿ ಈಜುವ ಜೀನ್‌ಗಳು ಇಳಿದು ಕಂಡದ್ದಕ್ಕೂ ಇದಕ್ಕೂ ವಿರೋಧವಿಲ್ಲ. ದಿನಗಟ್ಟಲೆ ಕೂಡಿಹಾಕಿದ ಮೂತ್ರದಲ್ಲಿ ಕೆಲವು ಗಂಟೆಗಳ ಏರಿಳಿತ ಕರಗಿಹೋಗುತ್ತದೆ. ಅಂಟಿಕೊಳ್ಳುವುದು ಮತ್ತು ಈಜುವುದು ಒಟ್ಟಿಗೆ ನಡೆಯದಂತೆ ನೋಡಿಕೊಳ್ಳುವ ಏರ್ಪಾಡೂ ಬ್ಯಾಕ್ಟೀರಿಯಾದಲ್ಲೇ ಇದೆ: ಪಿ ಫಿಂಬ್ರಿಯಾ ಎಂಬ ಇನ್ನೊಂದು ಬಗೆಯ ಅಂಟುರೋಮದ ಜೀನ್‌ಗಳ ಜೊತೆಗಿರುವ ಪ್ಯಾಪ್‌ಎಕ್ಸ್ ಎಂಬ ಪ್ರೋಟೀನ್ ಈಜುಬಾಲದ ಜೀನ್‌ಗಳನ್ನು ಅದುಮುತ್ತದೆ.

ಜೀವಕೋಶದೊಳಗೆ ಸೇರಿಕೊಂಡವು

ಗೋಡೆಗೆ ಅಂಟಿದ ಬ್ಯಾಕ್ಟೀರಿಯಾ ಅಲ್ಲಿಗೇ ನಿಲ್ಲುವುದಿಲ್ಲ, ಗೋಡೆಯ ಜೀವಕೋಶದೊಳಗೂ ನುಗ್ಗುತ್ತದೆ. ಅಲ್ಲಿ ಒತ್ತೊತ್ತಾಗಿ ಬೆಳೆದ ಗುಂಪುಗಳನ್ನು ಹಲ್ಟ್‌ಗ್ರೆನ್ ತಂಡ 2003ರಲ್ಲಿ ಇಲಿಗಳಲ್ಲಿ ವಿವರಿಸಿತು. ಇದು ಇಲಿಗಷ್ಟೇ ಸೀಮಿತವೇ ಎಂಬ ಸಂಶಯಕ್ಕೆ 2007ರಲ್ಲಿ ಉತ್ತರ ಬಂತು: ಮೂತ್ರಕೋಶದ ಸೋಂಕಿದ್ದ 80 ಹೆಂಗಸರ ಮೂತ್ರ ನೋಡಿದಾಗ 14 ಮಂದಿಯಲ್ಲಿ ಇಂಥ ಗುಂಪುಗಳಿದ್ದ ಉದುರಿದ ಕೋಶಗಳೂ, 33 ಮಂದಿಯಲ್ಲಿ ನೂಲಿನಂತೆ ಉದ್ದವಾದ ಬ್ಯಾಕ್ಟೀರಿಯಾವೂ ಕಂಡವು. ಒಳಗೆ ಅಡಗಿದ ಈ ಪಾಲಿಗೆ ಬಿಳಿ ರಕ್ತಕಣಗಳ ಕಾಟ ಕಡಿಮೆ, ಕೆಲವು ಔಷಧಗಳೂ ಸರಿಯಾಗಿ ತಲುಪುವುದಿಲ್ಲ. ಸೋಂಕು ಮರಳಿ ಮರಳಿ ಬರುವುದಕ್ಕೆ ಇದು ಒಂದು ಕಾರಣವೆಂದು ನಂಬಲಾಗಿದೆ. ಇವುಗಳ ಜೀನ್‌ಗಳನ್ನು ಇಲಿಯ ಅಂಗಾಂಶದಿಂದ ಅಳೆದದ್ದುಂಟು; ಜೀವಂತ ಮನುಷ್ಯರಲ್ಲಿ ಅಳೆಯಬೇಕೆಂದರೆ ಮೂತ್ರಕೋಶದ ತುಣುಕು ಕತ್ತರಿಸಬೇಕು. ಸಾಮಾನ್ಯ ಉರಿಮೂತ್ರಕ್ಕಾಗಿ ಯಾರೂ ಹಾಗೆ ಮಾಡಿಸಿಕೊಳ್ಳುವುದಿಲ್ಲ, ಮಾಡಿಸಿಕೊಳ್ಳಲೂಬಾರದು.

ಪ್ರೋಟಿಯಸ್‌ನ ದಾರಿ ಬೇರೆ

ಬಹುಕಾಲ ಕ್ಯಾಥಿಟರ್ ಹಾಕಿಸಿಕೊಂಡವರನ್ನು ಹೆಚ್ಚು ಕಾಡುವುದು ಪ್ರೋಟಿಯಸ್ ಮಿರಾಬಿಲಿಸ್. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರವಾಗಿ ಹರಳು ಕಟ್ಟುತ್ತದೆ, ಕೊಳವೆ ಮುಚ್ಚಿಕೊಳ್ಳುತ್ತದೆ. 2011ರಲ್ಲಿ ಇಲಿಗಳಲ್ಲಿ ಅದರ ಜೀನ್ ಚಿತ್ರ ತೆಗೆದಾಗ ಅಂಟುರೋಮದ ಜೀನ್‌ಗಳು ಮುಂಚೂಣಿಯಲ್ಲಿದ್ದವು. ಸಾರಜನಕ ಬಳಸುವ ರೀತಿ ಮಾತ್ರ ಬೇರೆ. ಇ. ಕೋಲೈ ಸಾರಜನಕದ ಕೊರತೆಯಲ್ಲಿರುವಂತೆ ನಡೆದುಕೊಂಡರೆ, ಪ್ರೋಟಿಯಸ್ ತಾನೇ ಸೃಷ್ಟಿಸಿಕೊಂಡ ಅಮೋನಿಯಾದ ಸಮೃದ್ಧಿಯಲ್ಲಿ ಗ್ಲುಟಮೇಟ್ ಡಿಹೈಡ್ರೋಜಿನೇಸ್ ಎಂಬ ಅಗ್ಗದ ದಾರಿ ಹಿಡಿದಿತ್ತು.

ಇದರಿಂದ ಬಂದ ಉಪಯೋಗ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಔಷಧ ಪ್ರತಿರೋಧ ನಿಗಾ ಜಾಲದ ಇತ್ತೀಚಿನ ವಾರ್ಷಿಕ ವರದಿಗಳಲ್ಲಿ ಅತಿ ಹೆಚ್ಚು ಸಿಗುವ ಬ್ಯಾಕ್ಟೀರಿಯಾ ಇ. ಕೋಲೈ. ಸಿಪ್ರೋಫ್ಲಾಕ್ಸಾಸಿನ್, ಮೂರನೇ ಪೀಳಿಗೆಯ ಸೆಫಲೋಸ್ಪೋರಿನ್ ಮೊದಲಾದವಕ್ಕೆ ಅದರ ಬಹುಪಾಲು ಮಾದರಿಗಳು ಬಗ್ಗುವುದಿಲ್ಲ. ಹಾಗಿರುವಾಗ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧದಾಚೆಗೂ ಹುಡುಕುವುದು ಅನಿವಾರ್ಯ. ದೇಹದೊಳಗೆ ಖಂಡಿತ ಚುರುಕಾಗಿರುವ ಜೀನ್ ಯಾವುದೆಂದು ತಿಳಿದರೆ ಗುರಿ ಎಲ್ಲಿಡಬೇಕೆಂದು ತಿಳಿಯುತ್ತದೆ. ಕಬ್ಬಿಣದ ಗ್ರಾಹಕಗಳು ಸೋಂಕಿನಲ್ಲಿ ಸದಾ ಹೊರಪೊರೆಯ ಮೇಲಿರುತ್ತವೆ ಎಂಬ ಅರಿವಿನಿಂದ ಮೋಬ್ಲಿ ತಂಡ ಅವುಗಳನ್ನೇ ಲಸಿಕೆಯಾಗಿ ಇಲಿಗಳ ಮೂಗಿಗೆ ಕೊಟ್ಟಿತು. 2009ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಹೆಚ್‌ಎಂಎ, ಐರ್‌ಎ, ಐಯುಟಿಎ ಎಂಬ ಮೂರು ಗ್ರಾಹಕಗಳು ರಕ್ಷಣೆ ಕೊಟ್ಟವು. ಇಲಿಯಿಂದ ಮನುಷ್ಯರಿಗೆ ಬರುವ ದಾರಿ ಇನ್ನೂ ಸಾಗಿಲ್ಲ.

ಫಿಮ್‌ಹೆಚ್ ಹಿಡಿತವನ್ನು ಬಿಡಿಸುವ ಮ್ಯಾನೋಸೈಡ್ ಎಂಬ ಅಣುಗಳ ಮೇಲೂ ಕೆಲಸ ನಡೆದಿದೆ. ಔಷಧದಂಗಡಿಯಲ್ಲಿ ಸಿಗುವ ಡಿ-ಮ್ಯಾನೋಸ್ ಪುಡಿಯ ಹಿಂದಿರುವುದೂ ಇದೇ ತರ್ಕ: ಮೂತ್ರದಲ್ಲೇ ಸಕ್ಕರೆ ಸಿಕ್ಕರೆ ಬ್ಯಾಕ್ಟೀರಿಯಾ ಗೋಡೆಯದನ್ನು ಬಿಟ್ಟು ಅದನ್ನು ಹಿಡಿಯಲಿ ಎಂದು. ತರ್ಕ ಚೆನ್ನಾಗಿದೆ. ಆದರೆ ಬ್ರಿಟನ್ನಿನಲ್ಲಿ ಸೋಂಕು ಮರಳುತ್ತಿದ್ದ ಸುಮಾರು 600 ಹೆಂಗಸರಿಗೆ ಆರು ತಿಂಗಳು ದಿನವೂ ಕೊಟ್ಟು ನೋಡಿದಾಗ, ಖಾಲಿ ಪುಡಿ ತೆಗೆದುಕೊಂಡವರಿಗಿಂತ ಗಮನಾರ್ಹ ಲಾಭ ಕಾಣಲಿಲ್ಲವೆಂದು 2024ರಲ್ಲಿ ವರದಿಯಾಯಿತು. ದುಡ್ಡು ಕೊಟ್ಟು ಕೊಳ್ಳುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಸರಾಸರಿಯ ತೊಡಕಿಗೆ ಈಗ ಒಂದು ದಾರಿ ಕಾಣುತ್ತಿದೆ. ಒಂದೊಂದೇ ಬ್ಯಾಕ್ಟೀರಿಯಾ ಕೋಶದ ಆರ್‌ಎನ್‌ಎಗೆ ಗುರುತಿನ ಪಟ್ಟಿ ಕಟ್ಟಿ ಬೇರೆಬೇರೆಯಾಗಿ ಓದುವ ಪೆಟ್ರಿ-ಸೀಕ್ 2020ರಲ್ಲಿ, ಮೈಕ್ರೋಸ್ಪ್ಲಿಟ್ 2021ರಲ್ಲಿ ಬಂದವು. ಬ್ಯಾಕ್ಟೀರಿಯಾ ಕೋಶವೊಂದರಲ್ಲಿರುವ ಸಂದೇಶ ಆರ್‌ಎನ್‌ಎ ತೀರಾ ಅಲ್ಪ, ಒಂದು ಕೋಶದಿಂದ ಅದರ ಒಂದು ಪಾಲು ಮಾತ್ರ ಓದಲು ಸಿಗುತ್ತದೆ. ಆದರೂ ಸಾವಿರಾರು ಕೋಶಗಳನ್ನು ಒಟ್ಟಿಗೆ ನೋಡಿದರೆ ಫಿಂಬ್ರಿಯಾ ಆನ್ ಇರುವ ಗುಂಪು, ಆಫ್ ಇರುವ ಗುಂಪು, ಉದುರಿದ ಕೋಶದೊಳಗಿಂದ ಬಂದ ಗುಂಪು ಬೇರೆಬೇರೆಯಾಗಿ ಕಾಣಬೇಕು. ರೋಗಿಯ ಮೂತ್ರದಲ್ಲಿ ಹೀಗೆ ಮಾಡಬೇಕಾದರೂ ಮೊದಲ ಹೆಜ್ಜೆ ಹಳೆಯದೇ: ಮೂತ್ರ ಹೊರಬಂದ ಕ್ಷಣದಲ್ಲೇ ಆರ್‌ಎನ್‌ಎಯನ್ನು ಹಿಡಿದು ನಿಲ್ಲಿಸಬೇಕು.